ಮುಟ್ಟದೇ ಕುಸ್ತಿ ಇಲ್ಲ



ಸ್ವಲ್ಪ ಉದ್ದ ಬರೀತೀನಿ, ಸಮಾಧಾನದಿಂದ ಓದ್ರಿ. ಓದಿ ಸಿಟ್ಟು ಬಂದ್ರ ಕಮೆಂಟಿನಾಗ ಬೈರಿ, ಆದ್ರ ಪೂರಾ ಓದಿ ಬೈರಿ.

ಹೋದ ತಿಂಗಳು ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೋ ಓಡಾಡಿತು. ಶಾಲೆ ಮೈದಾನ, ಬಿಳಿ ಡ್ರೆಸ್ ಹಾಕಿದ ಹೆಣ್ಣುಮಕ್ಕಳ ನಾಲ್ಕು ಸಾಲು, ಎಲ್ಲರ ಮುಷ್ಟಿಯೂ ಮುಂದಕ್ಕೆ. ಹಿಂದೆ ಬ್ಯಾನರ್: ಆತ್ಮರಕ್ಷಣೆ ತರಬೇತಿ ಸಮಾರೋಪ. ಆ ಸಾಲಿನಲ್ಲಿ ನನ್ನ ಮಗಳೂ ಇದ್ದಳು, ಒಂಬತ್ತನೇ ತರಗತಿ. ನಾನೂ ಹೆಮ್ಮೆಯಿಂದ ಸ್ಟೇಟಸ್ ಇಟ್ಟೆ. "ಬಾಬಾಸಾಹೇಬರ ಮಗಳು" ಅಂತ ಬರೆದೆ. ನೂರಾರು ಲೈಕು ಬಂದವು.

ಅವತ್ತೇ ರಾತ್ರಿ ಅಡುಗೆಮನೆಯಲ್ಲಿ ಅವಳ ಅವ್ವ ರೊಟ್ಟಿ ಬಡಿಯೋದು ಬಿಟ್ಟು ಎದ್ದು ಬಂದು ಮಗಳ ಮುಂಗೈ ಗಟ್ಟಿಯಾಗಿ ಹಿಡಿದಳು. "ಮೂರು ತಿಂಗಳು ಕಲ್ತೀದಿ ಅಂತಲ್ಲ, ಬಿಡಸ್ಕೊ ನೋಡಮು" ಅಂದಳು. ಹುಡುಗಿ ಮೊದಲು ನಕ್ಕಳು. ಆಮೇಲೆ ಕಾಲು ಅಗಲ ಮಾಡಿ, ಇನ್ನೊಂದು ಮುಷ್ಟಿ ಸೊಂಟಕ್ಕಿಟ್ಟು, ಕಲಿಸಿದ ಹಾಗೇ ನಿಂತಳು. ನಿಂತಳು ಅಷ್ಟೇ. ಜಗ್ಗಿದಳು, ಬರಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಮುಖದ ಮೇಲಿನ ನಗು ಹೋಯ್ತು. "ಅವ್ವಾ, ಹಿಂಗ ಹಿಡೀಬಾರ್ದು. ಹಿಂಗ ಹಿಡಿಯೋದು ನಮಗ ಕಲಿಸಿಲ್ಲ" ಅಂದಳು.

ಅವಳ ಅವ್ವ ಕೈ ಬಿಟ್ಟು ಏನೂ ಮಾತಾಡದೆ ಮತ್ತೆ ರೊಟ್ಟಿಗೆ ಕೂತಳು. ನಾನು ಸ್ಟೇಟಸ್ ತೆಗೆದೆ.

ಯಾವ ಶಾಲೆ, ಯಾವ ಮಾಸ್ತರ್ ಅಂತ ಕೇಳಬೇಡ್ರಿ. ಆ ಮಾಸ್ತರನ ತಪ್ಪು ಹುಡುಕೋಕೆ ಇದನ್ನು ಬರೀತಿಲ್ಲ. ಅವನೂ ನಮ್ಮಂಗ ಕಡಿಮೆ ಪಗಾರದ ಮನುಷ್ಯ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣೆ ತರಬೇತಿ ಇದೆ. 6ರಿಂದ 12ನೇ ತರಗತಿ ಹೆಣ್ಣುಮಕ್ಕಳಿಗೆ ಮೂರು ತಿಂಗಳು, ಒಂದು ಶಾಲೆಗೆ ತಿಂಗಳಿಗೆ 5,000 ರೂಪಾಯಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಲ್ಲಿ ಇಂಥದ್ದೇ ಇನ್ನೊಂದಿದೆ. ಯೋಜನೆ ಒಳ್ಳೆಯವೇ. ಇರಬೇಕು. ನನ್ನ ಪ್ರಶ್ನೆ ಒಂದೇ: ಮೂರು ತಿಂಗಳಲ್ಲಿ ಆ ಮಕ್ಕಳು ಎಷ್ಟು ಸಲ ಒಬ್ಬರನ್ನೊಬ್ಬರು ಹಿಡಿದರು?

ಮಗಳನ್ನು ಕೇಳಿದೆ. "ಒಮ್ಮೆನೂ ಇಲ್ಲಪ್ಪ. ಎಲ್ಲರೂ ಕೈ ಚಾಚಿದಷ್ಟು ದೂರ ನಿಲ್ಲಬೇಕು" ಅಂದಳು.

ಕರಾಟೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕರಾಟೆಯಲ್ಲಿ ಎರಡು ಭಾಗ ಇವೆ. ಕಾತಾ ಅಂದರೆ ಒಬ್ಬರೇ ಗಾಳಿಯಲ್ಲಿ ಮಾಡುವ ವರಸೆ. ಕುಮಿತೆ ಅಂದರೆ ಎದುರಾಳಿ ಜೊತೆ ಆಡೋದು. ನಮ್ಮ ಮಕ್ಕಳಿಗೆ ಸಿಗೋದು ಬರೀ ಮೊದಲನೇದು, ಯಾಕಂದ್ರ ನಾಲ್ಕು ಸಾಲು ನಿಲ್ಲಿಸಿ ಮಾಡಿಸಬಹುದು, ಫೋಟೋ ಚೆಂದ ಬರ್ತದ. ನಾನೂ ಗುಮಾಸ್ತ, ಬಿಲ್ಲಿನ ಜೊತೆ ಏನು ಲಗತ್ತಿಸಬೇಕು ಅಂತ ನನಗೆ ಗೊತ್ತು. ಹಾಜರಿ ಪಟ್ಟಿ, ಬಳಕೆ ಪ್ರಮಾಣಪತ್ರ, ಫೋಟೋ. "ಹುಡುಗಿ ಕೈ ಬಿಡಿಸಿಕೊಂಡಳೇ?" ಅನ್ನೋ ಕಾಲಂ ಯಾವ ನಮೂನೆಯಲ್ಲೂ ಇಲ್ಲ.

ಆ ತರಬೇತಿಯಿಂದ ಏನೂ ಬರಲಿಲ್ಲ ಅಂತಲ್ಲ. ಮಗಳು ಈಗ ಜೋರಾಗಿ ಕೂಗ್ತಾಳ. ಹೊಡೆತದ ಜೊತೆ ಹೊಟ್ಟೆಯಿಂದ ಕೂಗೋದು ಕಲಿಸ್ಯಾರ. ನಮ್ಮ ಹೆಣ್ಣುಮಕ್ಕಳಿಗೆ ಹುಟ್ಟಿದಾಗಿಂದ "ಸಣ್ಣಗ ಮಾತಾಡು" ಅಂತ ಹೇಳ್ತಾ ಬಂದೀವಿ, ಅದರ ಮುಂದ ಇದು ದೊಡ್ಡ ಪಾಠ. ಆದರೆ ಅಪಾಯ ಬರೋದು ಮುಷ್ಟಿ ದೂರದಿಂದ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ವರದಿ ವರ್ಷ ವರ್ಷ ಹೇಳೋದು ಒಂದೇ: ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕಡೆ ಆರೋಪಿ ಪರಿಚಿತನೇ. ಪರಿಚಿತ ಅಂದ್ರ ಹತ್ತಿರ ಬರ್ತಾನ. ಮಾತಾಡಿಸ್ತಾನ. ಮುಂಗೈ ಹಿಡೀತಾನ, ಜಡೆ ಹಿಡೀತಾನ, ಗೋಡೆಗೆ ಒತ್ತಿ ನಿಲ್ತಾನ. ಅಲ್ಲಿ ಕಾಲು ಎತ್ತಿ ಒದಿಯೋಕ ಜಾಗನೇ ಇರಲ್ಲ. ಬೇಕಾಗೋದು ಹಿಡಿತ ಬಿಡಿಸೋ ವಿದ್ಯೆ, ಬಿದ್ದರೂ ಏಳೋ ವಿದ್ಯೆ, ಮೈಮೇಲೆ ಭಾರ ಬಿದ್ದಾಗ ಉಸಿರು ಹಿಡಿದು ಜಾಗ ಮಾಡಿಕೊಳ್ಳೋ ವಿದ್ಯೆ. ಇದನ್ನು ಗಾಳಿಯಲ್ಲಿ ಕಲಿಯೋಕ ಆಗಲ್ಲ. ಇನ್ನೊಂದು ಜೀವಂತ ಮೈ ಬೇಕು. ಆ ಮೈ ಸುಲಭಕ್ಕೆ ಸೋಲಬಾರದು.

ಇದು ಬರೀ ನನ್ನ ತಲೆಯ ಮಾತಲ್ಲ. 2015ರಲ್ಲಿ ಕೆನಡಾದ ಮೂರು ವಿಶ್ವವಿದ್ಯಾಲಯಗಳ ಮೊದಲ ವರ್ಷದ ವಿದ್ಯಾರ್ಥಿನಿಯರ ಮೇಲೆ ಮಾಡಿದ ಒಂದು ದೊಡ್ಡ ಅಧ್ಯಯನ ಪ್ರಕಟ ಆಯ್ತು. ತರಬೇತಿ ಒಟ್ಟು 12 ಗಂಟೆ. ಪರಿಚಿತ ಗಂಡಸಿನ ಜೊತೆ ಅಪಾಯ ಹೇಗೆ ಗುರುತಿಸಬೇಕು, ಹೇಗೆ ಬಾಯಿ ಬಿಟ್ಟು "ಬೇಡ" ಅನ್ನಬೇಕು, ಹಿಡಿದರೆ ಹೇಗೆ ಎದುರಿಸಬೇಕು, ಇಷ್ಟೇ ಪಾಠ. ಒಂದು ವರ್ಷದ ಮೇಲೆ ಲೆಕ್ಕ ಹಾಕಿದಾಗ, ತರಬೇತಿ ಪಡೆಯದ ಗುಂಪಿನಲ್ಲಿ ಅತ್ಯಾಚಾರಕ್ಕೆ ಒಳಗಾದವರು ನೂರಕ್ಕೆ 9.8, ಪಡೆದವರಲ್ಲಿ 5.2. ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳೀತು. ಹನ್ನೆರಡು ಗಂಟೆಯಲ್ಲಿ! ನಮ್ಮ ಮಕ್ಕಳಿಗೆ ಮೂರು ತಿಂಗಳು ಸಿಕ್ಕಾವ. ಕೊರತೆ ದಿನಗಳದ್ದಲ್ಲ, ಆ ದಿನಗಳಲ್ಲಿ ಏನು ಕಲಿಸ್ತೀವಿ ಅನ್ನೋದರದ್ದು.

ಇನ್ನು ನಾನು ಹೇಳಬೇಕಾದ ಮಾತಿಗೆ ಬರ್ತೀನಿ. ಮುಟ್ಟದೇ ಕಲಿಸೋ ಈ ಪದ್ಧತಿ ನೋಡಿದಾಗ ನನಗೆ ಬೇರೆ ಒಂದು ನೆನಪಾಯ್ತು.

ಸುರಪುರ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಹೆಸರು ಬೇಡ. ನನಗಾಗ ಹತ್ತೋ ಹನ್ನೊಂದೋ ವಯಸ್ಸು. ಊರಲ್ಲಿ ಗರಡಿಮನೆ ಇತ್ತು. ಕೆಮ್ಮಣ್ಣು ಅಗೆದು ಹೊತ್ತು ತರೋರು ನಮ್ಮ ಕೇರಿಯೋರೇ. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ಕರ್ಪೂರ ಹಾಕಿ ಹದ ಮಾಡಿ ಪೂಜೆ ಮಾಡಿದ ಮೇಲೆ ಅದು ದೇವರ ಮಣ್ಣು. ಆಮೇಲೆ ನಾವು ಹೊಸ್ತಿಲ ಆಚೆ. ಜಾತ್ರೆ ಕುಸ್ತಿಗೆ ಹಲಗಿ ಬಾರಿಸೋನು ನನ್ನ ಅಪ್ಪ. ಹಲಗಿ ಇಲ್ಲದೆ ಪೈಲ್ವಾನರ ಮೈ ಬಿಸಿ ಆಗಂಗಿಲ್ಲ ಅಂತಿದ್ರು. ಹಲಗಿ ಬಾರಿಸೋಕ ನಾವು ಬೇಕು, ಕಣಕ್ಕ ಇಳಿಯೋಕ ಬ್ಯಾಡ.

ನಮ್ಮ ಕಡೆ ಜಾತ್ರೆ ಕುಸ್ತಿ ಹೇಗೆ ಅಂತ ಗೊತ್ತಲ್ಲ? ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರು, ಕೊನೆಗೆ ದೊಡ್ಡವರ ಬೆಳ್ಳಿ ಕಡಗದ ಕುಸ್ತಿ. ಒಂದು ವರ್ಷ ಪಂಚರು "ಇವನ ಜೋಡಿ ಹಿಡಿಯೋರು ಯಾರದಾರ, ಬರ್ರಿ" ಅಂತ ಮೂರು ಸಲ ಕೂಗಿದರು. ನನ್ನ ದೊಡ್ಡಪ್ಪನ ಮಗ, ಯಾದಗಿರಿ ಗಂಜಿನಲ್ಲಿ ಹಮಾಲಿ ಮಾಡ್ತಿದ್ದ, ಅಂಗಿ ಬಿಚ್ಚಿ ಇಳಿದೇಬಿಟ್ಟ. ನೂರು ಕೆಜಿ ಚೀಲ ಬೆನ್ನಿಗೆ ಹಾಕೋ ಮೈ ಅದು. ಎದುರಿದ್ದ ಹುಡುಗ ಅವನನ್ನು ಒಮ್ಮೆ ನೋಡಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನಾ ಇವನ ಕೂಡ ಹಿಡಿಯಂಗಿಲ್ಲ" ಅಂದ.

ಸೋಲ್ತೀನಿ ಅಂತ ಹೆದರಿ ಅಂದ ಮಾತಲ್ಲ ಅದು. ಮುಟ್ಟಬೇಕಾಗ್ತದಲ್ಲ ಅಂತ.

ಪಂಚರು ಗುಸುಗುಸು ಮಾತಾಡಿ ಒಂದು ತೆಂಗಿನಕಾಯಿ ತಂದು ನನ್ನ ಅಣ್ಣನ ಕೈಗೆ ಮೇಲಿಂದ ಹಾಕಿ, "ಗೆದ್ದಿ, ನಡಿ" ಅಂತ ಕಳಿಸಿದರು. ಕುಸ್ತಿ ಆಡದೆ ಗೆದ್ದ ಕಾಯಿ. ಅಣ್ಣ ಅದನ್ನು ಕಣದ ಅಂಚಿನಲ್ಲೇ ಇಟ್ಟು ಅಂಗಿ ಹಾಕ್ಕೊಂಡು ಹೋದ. ನನ್ನ ಅಪ್ಪ ಹಲಗಿ ಬಾರಿಸೋದು ನಿಲ್ಲಿಸಲಿಲ್ಲ. ನಿಲ್ಲಿಸೋ ಹಂಗಿರಲಿಲ್ಲ.

ಎಲ್ಲ ಊರಲ್ಲೂ ಹಿಂಗೇ ಇತ್ತು ಅಂತ ನಾನು ಅನ್ನಲ್ಲ. ಅದೇ ಅಣ್ಣನಿಗೆ ಆಮೇಲೆ ಯಾದಗಿರಿಯಲ್ಲಿ ಒಬ್ಬ ಮುಸ್ಲಿಂ ಉಸ್ತಾದರು ತಮ್ಮ ತಾಲೀಮ್ ಖಾನೆಯಲ್ಲಿ ಕಲಿಸಿದರು. ಜಾತಿ ಕೇಳಲಿಲ್ಲ, "ಎಷ್ಟು ಬಸ್ಕಿ ಹೊಡೀತಿ?" ಅಂತ ಕೇಳಿದರಂತ. ಹೈದರಾಬಾದ್ ಸಂಸ್ಥಾನದ ಕಾಲದಿಂದ ನಮ್ಮ ಬಾಯಲ್ಲಿ ಉಳಿದ ಮಾತು ನೋಡ್ರಿ, ತಾಲೀಮು. ಆ ಪದದ ಮೂಲ ಅರ್ಥನೇ ಶಿಕ್ಷಣ. ಬಾಬಾಸಾಹೇಬರು ಮೊದಲು ಹೇಳಿದ್ದೂ ಶಿಕ್ಷಣವೇ. ನಾವು ಅದನ್ನು ಪುಸ್ತಕಕ್ಕೆ ಮಾತ್ರ ಅಂತ ತಿಳಕೊಂಡ್ವಿ, ಮೈಗೂ ಶಿಕ್ಷಣ ಬೇಕು ಅನ್ನೋದು ಮರೆತ್ವಿ.

ಮುಟ್ಟದೇ ಕುಸ್ತಿ ಇಲ್ಲ. ಕ್ರಿಕೆಟ್ ಆಡಬಹುದು, ವಾಲಿಬಾಲ್ ಆಡಬಹುದು, ನಡುವೆ ಬಾಲು ಇರ್ತದ, ನೆಟ್ ಇರ್ತದ. ಕುಸ್ತಿಯಲ್ಲಿ ನಡುವೆ ಏನೂ ಇಲ್ಲ. ಅವನ ಬೆವರು ನಿನ್ನ ಮೈಗೆ, ನಿನ್ನ ಬೆವರು ಅವನ ಮೈಗೆ, ಇಬ್ಬರಿಗೂ ಒಂದೇ ಮಣ್ಣು. ಅಸ್ಪೃಶ್ಯತೆಗೆ ಇದಕ್ಕಿಂತ ನೇರ ಉತ್ತರ ಕೊಡೋ ಆಟ ಇನ್ನೊಂದಿಲ್ಲ. ಅದಕ್ಕೇ ನಮ್ಮನ್ನು ಅಲ್ಲಿಂದ ದೂರ ಇಟ್ಟರು. ಇನ್ನೊಂದು ಮಜಾ ನೋಡ್ರಿ. ಕುಸ್ತಿಯ ದೊಡ್ಡ ಪಟ್ಟುಗಳಲ್ಲಿ ಒಂದರ ಹೆಸರು ಧೋಬಿ ಪಛಾಡ್. ಅಗಸ ಬಟ್ಟೆಯನ್ನು ಬೆನ್ನ ಮೇಲಿಂದ ಎತ್ತಿ ಕಲ್ಲಿಗೆ ಒಗೀತಾನಲ್ಲ, ಆ ರೀತಿ ಎದುರಾಳಿಯನ್ನು ಎತ್ತಿ ಒಗೆಯೋದು. ದುಡಿಯೋರ ಕೆಲಸದಿಂದ ವಿದ್ಯೆ ತಗೊಂಡ್ರು, ದುಡಿಯೋರನ್ನ ಹೊರಗಿಟ್ರು.

ಇದು ಹಳೇ ಕತೆಯೇ. ಏಕಲವ್ಯನಿಗೆ ದ್ರೋಣ ಕಲಿಸಲಿಲ್ಲ. ಅವನು ತಾನೇ ಕಲಿತ ಮೇಲೆ ಕೇಳಿದ್ದು ಹೆಬ್ಬೆರಳು. ಯಾಕ ಹೆಬ್ಬೆರಳು? ನನ್ನ ಅಣ್ಣ ಹೇಳ್ತಾನ: "ನಾಕು ಬೆರಳು ಒಂದು ಕಡಿ, ಹೆಬ್ಬಟ್ಟು ಒಂಟಿ. ಹಿಡಿತ ನಿಂತಿರೋದು ಅದರ ಮ್ಯಾಲೆ." ಹೆಬ್ಬೆರಳು ಹೋದರೆ ಬಿಲ್ಲು ಮಾತ್ರ ಅಲ್ಲ, ಯಾವುದನ್ನೂ ಹಿಡಿಯೋಕಾಗಲ್ಲ. ದೂರದ ಪುರಾಣ ಬೇಡ ಅಂದ್ರ ಹತ್ತಿರದ್ದು ಕೇಳ್ರಿ. 1857ರ ನವೆಂಬರಿನಲ್ಲಿ ಹಲಗಲಿ ಬೇಡರು ಇಂಗ್ಲಿಷರ ವಿರುದ್ಧ ಎದ್ದಿದ್ದು ಆಯುಧ ಒಪ್ಪಿಸಬೇಕು ಅನ್ನೋ ಕಾಯ್ದೆ ಬಂದಾಗ. ಮರು ವರ್ಷವೇ ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕರು ಎದ್ದರು. ಆಳೋನು ಯಾರೇ ಇರಲಿ, ಮೊದಲು ಮಾಡೋದು ಕೆಳಗಿನವರ ಕೈ ಖಾಲಿ ಮಾಡೋದು.

ನಮ್ಮ ಚಳವಳಿಗೆ ಇದು ಗೊತ್ತಿತ್ತು. 1927ರಲ್ಲಿ ಮಹಾಡದ ಕೆರೆ ನೀರು ಮುಟ್ಟಿದ್ದಕ್ಕೆ ನಮ್ಮ ಜನರ ಮೇಲೆ ಹಲ್ಲೆ ಆಯ್ತು. ಅದೇ ಹೊತ್ತಿನಲ್ಲಿ ಹುಟ್ಟಿದ್ದು ಸಮತಾ ಸೈನಿಕ ದಳ. ಮಹಾಡದಲ್ಲಿ ಆವತ್ತು ಸೈನ್ಯದಲ್ಲಿದ್ದು ಬಂದ ನಮ್ಮವರು ಬಹಳ ಮಂದಿ ಇದ್ದರು, ತಿರುಗಿ ಹೊಡೆಯೋ ತಾಕತ್ತು ಇತ್ತು. ಬಾಬಾಸಾಹೇಬರು ಅವರನ್ನು ತಡೆದರು. ಕಾನೂನಿನ ದಾರಿ ಹಿಡಿದರು, ಹೊಡೆದವರಿಗೆ ಶಿಕ್ಷೆ ಆಯ್ತು. ತಾಕತ್ತು ಇಲ್ಲದೆ ಸುಮ್ಮನಿರೋದು ಬೇರೆ, ತಾಕತ್ತು ಇದ್ದೂ ತಡಕೊಳ್ಳೋದು ಬೇರೆ. ಮೊದಲನೇದು ಅಂಜಿಕೆ, ಎರಡನೇದು ಶಿಸ್ತು.

ನಮ್ಮ ಕಲಬುರಗಿಯಲ್ಲೇ 1968ರಲ್ಲಿ ಬಿ. ಶ್ಯಾಮಸುಂದರ್ ಅವರು ಭೀಮಸೇನೆ ಕಟ್ಟಿದರು. ಆತ್ಮರಕ್ಷಣೆಗೆ ಅಂತಲೇ ಕಟ್ಟಿದ ಸಂಘಟನೆ ಅದು. ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ್ದು 1972ರಲ್ಲಿ, ಅದಕ್ಕೂ ನಾಲ್ಕು ವರ್ಷ ಮೊದಲು. ಆಗ ಯಾದಗಿರಿ, ಶಹಾಪುರ, ಸುರಪುರ ಎಲ್ಲ ಕಲಬುರಗಿ ಜಿಲ್ಲೆಯೇ. ಪ್ಯಾಂಥರ್ಸ್ ಹೆಸರು ನಮ್ಮ ಹುಡುಗರಿಗೆ ಗೊತ್ತು. ನಮ್ಮ ಮಣ್ಣಿನ ಭೀಮಸೇನೆ ಎಷ್ಟು ಜನಕ್ಕ ಗೊತ್ತು?

ಈಗ ಓಬವ್ವನ ಮಾತು. ನವೆಂಬರ್ 11ಕ್ಕೆ ಸರ್ಕಾರ ಒನಕೆ ಓಬವ್ವನ ಜಯಂತಿ ಮಾಡ್ತದ. ಚಿತ್ರದುರ್ಗದ ಛಲವಾದಿ ಹೆಣ್ಣುಮಗಳು, ಕೋಟೆ ಕಾವಲುಗಾರನ ಹೆಂಡತಿ. ನಮ್ಮವಳು. ಅವಳು ಯಾವ ಗರಡಿಯಲ್ಲೂ ಕಲಿತವಳಲ್ಲ. ಅವಳ ಹತ್ತಿರ ಸರ್ಟಿಫಿಕೇಟ್ ಇರಲಿಲ್ಲ. ದಿನಾ ಒನಕೆ ಹಿಡಿದು ಕುಟ್ಟಿದ ಕೈ ಇತ್ತು. ಎಷ್ಟು ಎತ್ತಬೇಕು, ಎಲ್ಲಿ ಇಳಿಸಬೇಕು ಅನ್ನೋದು ಆ ಕೈಗೆ ಗೊತ್ತಿತ್ತು, ತಲೆ ಯೋಚನೆ ಮಾಡೋಕೆ ಮೊದಲೇ ಕೈ ನಡೀತು. ಅವಳ ಹೆಸರಲ್ಲಿ ತರಬೇತಿ ಇಟ್ಟ ಮೇಲೆ ಅದು ಕೈಗೆ ಗೊತ್ತಾಗೋ ತನಕ ನಡೀಬೇಕು. ಕೈಗೆ ಗೊತ್ತಾಗಬೇಕಂದ್ರ ಇನ್ನೊಂದು ಕೈ ಹಿಡೀಬೇಕು. ಇದರ ಹೊರತು ಬೇರೆ ದಾರಿ ಇಲ್ಲ.

ನನಗೆ ಬರೋ ಆಕ್ಷೇಪಣೆಗಳು ಗೊತ್ತು. ಒಂದೊಂದಕ್ಕೂ ಉತ್ತರ ಹೇಳ್ತೀನಿ.

ಮೊದಲನೇದು, ನಮ್ಮ ಹಿರಿಯರದು: "ಹೊಡೆದಾಟ ಕಲಿಸಿದ್ರ ಹುಡುಗರು ಕೇಸಿನಾಗ ಸಿಕ್ಕೊಳ್ತಾರ." ಈ ಅಂಜಿಕೆ ಸುಳ್ಳಲ್ಲ. ನಮ್ಮ ಕಡೆಯಿಂದ ಅಟ್ರಾಸಿಟಿ ದೂರು ಕೊಟ್ಟ ದಿನವೇ ಆ ಕಡೆಯಿಂದ ಪ್ರತಿದೂರು ಬರೋದು ನಾವು ಎಷ್ಟು ಸಲ ನೋಡಿಲ್ಲ? ಕೊನೆಗೆ ಎರಡೂ ಕೇಸು ರಾಜಿ, ನಮ್ಮವರು ಸುಮ್ಮನೆ. ಅದಕ್ಕೇ ಮೈಯ ಪಾಠದ ಜೊತೆ ಕಾನೂನಿನ ಪಾಠನೂ ಬೇಕು ಅಂತೀನಿ. ತನ್ನ ದೇಹ, ಇನ್ನೊಬ್ಬರ ದೇಹ ಕಾಪಾಡಿಕೊಳ್ಳೋದು ಹಕ್ಕು. ಹಿಂದೆ ಐಪಿಸಿ 96ರಿಂದ 106ನೇ ಕಲಂ, ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂ. ಅದೇ ಕಾನೂನು ಮಿತಿಯನ್ನೂ ಹೇಳ್ತದ: ಕಾಪಾಡಿಕೊಳ್ಳೋಕ ಬೇಕಾದಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಇಲ್ಲೇ ಕುಸ್ತಿ, ಜೂಡೋ ಕೆಲಸಕ್ಕೆ ಬರೋದು. ಮುಷ್ಟಿ ಹೊಡೆತಕ್ಕೆ ಹಲ್ಲು ಮುರೀತದ, ರಕ್ತ ಬರ್ತದ, ಆಸ್ಪತ್ರೆ ಗಾಯದ ಸರ್ಟಿಫಿಕೇಟ್ ಕೊಡ್ತದ, ನಿನ್ನ ಮೇಲೆ ಕೇಸು. ಹಿಡಿತ ಬಿಡಿಸಿಕೊಂಡು ದೂಡಿ ಓಡಿದರೆ? ನೀನು ಬದುಕಿದೆ, ಕೇಸಿಗೆ ದಾಖಲೆಯೂ ನಿನ್ನ ಕಡೆ. ಹೊಡೆಯೋದು ಕಲಿಯೋದು ಬೇಡ ಅಂತಲ್ಲ. ಮೊದಲು ಬಿಡಿಸಿಕೊಳ್ಳೋದು ಕಲೀರಿ ಅಂತ.

ಎರಡನೇದು, ನಮ್ಮ ಹೆಣ್ಣುಮಕ್ಕಳ ಸಂಘಟನೆಗಳದು: "ತಪ್ಪು ಮಾಡೋನು ಅವನು, ತಾಲೀಮು ಯಾಕ ಹುಡುಗಿಗೆ?" ನೂರಕ್ಕೆ ನೂರು ಒಪ್ತೀನಿ. ಕೈ ಬಿಡಿಸಿಕೊಳ್ಳೋಕೆ ಬರದ ಹುಡುಗಿ ತಪ್ಪಿತಸ್ಥೆ ಅಲ್ಲ. ಯಾವ ಪೊಲೀಸನೂ, ಯಾವ ವಕೀಲನೂ "ತರಬೇತಿ ಆಗಿತ್ತಲ್ಲ, ಯಾಕ ಎದುರಿಸಲಿಲ್ಲ" ಅಂತ ಕೇಳಬಾರದು. ಕಣ್ಣಮುಂದೆ ಉದಾಹರಣೆ ಇದೆ. ಸಾಕ್ಷಿ ಮಲಿಕ್ 2016ರ ರಿಯೊ ಒಲಿಂಪಿಕ್ಸಿನಲ್ಲಿ ಕುಸ್ತಿಯ ಕಂಚು ಗೆದ್ದವಳು. ದೇಶದಲ್ಲೇ ಗಟ್ಟಿ ಹೆಣ್ಣುಮಕ್ಕಳಲ್ಲಿ ಒಬ್ಬಳು. ಅಂಥವಳೂ 2023ರಲ್ಲಿ ಲೈಂಗಿಕ ಕಿರುಕುಳದ ದೂರು ದಾಖಲಿಸೋಕೆ, ತನಿಖೆ ಮಾಡಿಸೋಕೆ ವಿನೇಶ್ ಫೋಗಾಟ್ ಜೊತೆ ಜಂತರ್ ಮಂತರಿನ ರಸ್ತೆ ಮೇಲೆ ಕೂರಬೇಕಾಯ್ತು. ಮೇ 28ಕ್ಕೆ ಪೊಲೀಸರು ಅವರನ್ನು ಎಳಕೊಂಡು ಹೋದರು. ಡಿಸೆಂಬರಿನಲ್ಲಿ ಸಾಕ್ಷಿ ತನ್ನ ಬೂಟು ಮೇಜಿನ ಮೇಲಿಟ್ಟು ಕುಸ್ತಿಗೇ ವಿದಾಯ ಹೇಳಿದಳು. ಅಧಿಕಾರದ ಹಿಡಿತ ಬಿಡಿಸೋಕೆ ಮೈ ಬಲ ಸಾಲಲ್ಲ, ಕಾನೂನೂ ಸಂಘಟನೆಯೂ ಬೇಕು. ಆದರೆ ಇನ್ನೂ ಒಂದು ನೋಡ್ರಿ: ಅವರು ಕೂತರು. ಏಳಲಿಲ್ಲ. ಅಖಾಡದಲ್ಲಿ ದಿನಾ ಬಿದ್ದು ದಿನಾ ಎದ್ದ ಹೆಣ್ಣುಮಕ್ಕಳಿಗೆ ಆ ಗಟ್ಟಿತನ ಇತ್ತು. ನನ್ನ ಮಗಳಿಗೆ ನಾನು ಬಯಸೋದು ಅದನ್ನ.

ನಮ್ಮ ಹೆಣ್ಣುಮಕ್ಕಳಿಗೆ ಈ ಮುಟ್ಟೋ ಪ್ರಶ್ನೆ ಎರಡು ಅಲಗಿನದು. ಕಣದಲ್ಲಿ ಮುಟ್ಟಂಗಿಲ್ಲ ಅಂದ ಜನವೇ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿ ನಮ್ಮ ಅವ್ವಂದಿರ ಮೈ ಮುಟ್ಟಿದರು. ದೇವದಾಸಿ ಪದ್ಧತಿ ನಿಷೇಧಿಸೋ ಕಾಯ್ದೆ ನಮ್ಮ ರಾಜ್ಯದಲ್ಲಿ 1982ರಲ್ಲೇ ಬಂತು. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆದಾಗ, ಪರಿಶಿಷ್ಟ ಹೆಣ್ಣುಮಗಳನ್ನು ಅವಳ ಒಪ್ಪಿಗೆ ಇಲ್ಲದೆ ಲೈಂಗಿಕ ಉದ್ದೇಶದಿಂದ ಮುಟ್ಟೋದೇ ಅಪರಾಧ ಅಂತ 3(1)(ಡಬ್ಲ್ಯೂ) ಸೇರಿತು. ಬೇಕಾದಲ್ಲಿ ಮುಟ್ಟದೆ, ಬೇಡದಲ್ಲಿ ಮುಟ್ಟೋದು ಜಾತಿ. ಯಾರು ಮುಟ್ಟಬೇಕು, ಯಾವಾಗ ಸಾಕು ಅನ್ನೋದನ್ನ ನಾನು ಹೇಳ್ತೀನಿ ಅನ್ನೋದೇ ತಾಲೀಮು. ಕುಸ್ತಿ, ಜೂಡೋ ಎರಡರಲ್ಲೂ ಆಟಕ್ಕೆ ಮೊದಲು ನಮಸ್ಕಾರ ಇರ್ತದ, ಮುಗಿದ ಮೇಲೂ ಇರ್ತದ. ಜೂಡೋದಲ್ಲಿ ಎದುರಾಳಿ ಎರಡು ಸಲ ಕೈ ತಟ್ಟಿದರೆ ತಕ್ಷಣ ಬಿಡಬೇಕು. "ಸಾಕು" ಅಂದರೆ ಸಾಕು. ಇದನ್ನು ಹುಡುಗಿಯರಿಗಿಂತ ಮೊದಲು ಹುಡುಗರಿಗೆ ಕಲಿಸಬೇಕು ಅಂತ ನನ್ನ ಮಾತು.

ಮೂರನೇದು ಆಕ್ಷೇಪಣೆ ಅಲ್ಲ, ನಮ್ಮ ಹುಡುಗರಿಗೆ ನನ್ನ ತಕರಾರು. ಜಿಮ್ಮಿಗೆ ಹೋಗಿ ತೋಳು ತೋರಿಸೋ ರೀಲ್ಸ್ ಹಾಕ್ತೀರಿ, ಹಿಂದೆ ನೀಲಿ ಬಾವುಟ ಇರ್ತದ. ಒಳ್ಳೇದು. ಆ ತೋಳು ಮನೆಯಲ್ಲಿ ಯಾರ ಮೇಲೆ ಏಳ್ತದ ಅಂತ ನಿಮ್ಮ ಅವ್ವನಿಗೆ, ಹೆಂಡತಿಗೆ ಕೇಳಲೇನು? ಇನ್ನೊಂದು ಮಾತು, ಇದಕ್ಕ ಬಹಳ ಮಂದಿ ಸಿಟ್ಟಾಗ್ತೀರಿ. ಎಡ, ಬಲ ಅಂತ ನಮ್ಮ ನಮ್ಮಲ್ಲೇ ಎಷ್ಟು ಕಡೆ ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿಯಲ್ಲ? ಗರಡಿಯವನು ನನ್ನ ಅಣ್ಣನ ಮುಂದೆ ಕೈ ಬೆನ್ನಿಗೆ ಕಟ್ಟಿಕೊಂಡದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರೀತದ. ನಮ್ಮ ಎರಡು ಕೇರಿಯ ಹುಡುಗರನ್ನು ಒಂದೇ ಮ್ಯಾಟಿನ ಮೇಲೆ ಇಳಿಸಿದರೆ ಅಲ್ಲಿ ಯಾರು ಯಾರು ಕೈ ಬೆನ್ನಿಗೆ ಕಟ್ಟಿಕೊಳ್ತಾರ? ಆ ಲೆಕ್ಕ ಮೊದಲು ನಾವು ತೀರಿಸಬೇಕು.

ಬೈದದ್ದು ಸಾಕು. ಆಗಬೇಕಾದ್ದು ಏನು ಅಂತ ಹೇಳ್ತೀನಿ.

ಒಂದು, ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಹೆಣ್ಣುಮಕ್ಕಳ ಹಾಸ್ಟೆಲ್ ಹತ್ತಿರ ಒಂದೊಂದು ಕಾಯಂ ಮ್ಯಾಟ್ ಹಾಲ್. ಹಣ ಇಲ್ಲ ಅನ್ನಬೇಡ್ರಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಆ ಹಣ ಬೇರೆ ಕಡೆ ತಿರುಗಿಸೋಕೆ ದಾರಿಯಾಗಿದ್ದ 7(ಡಿ) ಕಲಂ 2023ರಲ್ಲಿ ತೆಗೆದರು. ಕಲ್ಯಾಣ ಕರ್ನಾಟಕ ಮಂಡಳಿ ಇದೆ. ರಸ್ತೆ, ಕಟ್ಟಡಕ್ಕೆ ಸಿಗೋ ಹಣ ಮಕ್ಕಳ ಮೈಗೂ ಸಿಗಲಿ.

ಎರಡು, ಕಲಿಸೋರು ಹೆಣ್ಣುಮಕ್ಕಳಿರಲಿ, ವರ್ಷಪೂರ್ತಿ ಇರಲಿ. ಮೊದಲು ಬೀಳೋದು ಕಲಿಸಲಿ. ಜೂಡೋದಲ್ಲಿ ಮೊದಲ ಪಾಠವೇ ಬೀಳೋದು, ತಲೆಗೆ ಪೆಟ್ಟಾಗದಂತೆ ಬಿದ್ದು ಏಳೋದು. ಆಮೇಲೆ ಬಿಡಿಸಿಕೊಳ್ಳೋದು. ಆಮೇಲೆ ಹೊಡೆಯೋದು. ಕೊನೆಗೆ ಫೋಟೋ. ಹಳಿಯಾಳದಲ್ಲಿ ಸಿದ್ದಿ ಹೆಣ್ಣುಮಕ್ಕಳು ಕುಸ್ತಿ ಕಣಕ್ಕಿಳಿದು ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗ್ಯಾರ. ಕಾಡಿನ ಅಂಚಿನ ಬಡವರ ಮಕ್ಕಳು ಅವರು. ಅಲ್ಲಿ ಆಗಿದ್ದು ಇಲ್ಲಿ ಯಾಕ ಆಗಬಾರದು? 2011ರ ಜನಗಣತಿಯಲ್ಲಿ 51.83ರಷ್ಟು ಸಾಕ್ಷರತೆಯೊಂದಿಗೆ ರಾಜ್ಯದ ಕೊನೇ ಜಿಲ್ಲೆ ನಮ್ಮದು. ಇದರಲ್ಲಾದರೂ ಮುಂದಿನ ಸಾಲಿಗೆ ಬರೋಣ.

ಮೂರು, ಪ್ರತಿ ತರಗತಿಯ ಕೊನೆಗೆ ಹತ್ತು ನಿಮಿಷ ಕಾನೂನು. ಪೋಕ್ಸೊ, ದೌರ್ಜನ್ಯ ತಡೆ ಕಾಯ್ದೆ, 112, 1098. ದೂರು ಹೇಗೆ ಬರೀಬೇಕು, ಹಿಂಬರಹ ಹೇಗೆ ಕೇಳಬೇಕು. ಇದನ್ನು ಕಲಿಸೋಕೆ ನಾನು ಬರ್ತೀನಿ, ಪುಕ್ಕಟೆ, ಆಫೀಸ್ ಮುಗಿಸಿಕೊಂಡು.

ನಾಲ್ಕು, ಸರ್ಕಾರದ ದುಡ್ಡಿನಲ್ಲಿ ಕಟ್ಟಿದ, ದುರಸ್ತಿ ಮಾಡಿದ ಪ್ರತಿ ಗರಡಿಮನೆ ಮುಂದೆ ಒಂದು ಬೋರ್ಡು: ಎಲ್ಲ ಜಾತಿಯವರಿಗೂ, ಹೆಣ್ಣುಮಕ್ಕಳಿಗೂ ಪ್ರವೇಶ ಇದೆ. ಇದು ಯಾರೋ ಕೊಡೋ ಭಿಕ್ಷೆ ಅಲ್ಲ. ಸರ್ಕಾರದ ಹಣದಿಂದ ಪೂರ್ತಿಯೋ ಭಾಗಶಃವೋ ನಡೆಯೋ ಸಾರ್ವಜನಿಕ ಸ್ಥಳಗಳಿಗೆ ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ತಡೆಯಂಗಿಲ್ಲ ಅಂತ ಸಂವಿಧಾನದ 15(2)ನೇ ವಿಧಿ ಹೇಳ್ತದ. ಬಾವಿ, ಕೆರೆಗೆ ಅನ್ವಯಿಸಿದ್ದು ಗರಡಿ ಮಣ್ಣಿಗೂ ಅನ್ವಯಿಸ್ತದ. ಊರಿನ ಗರಡಿ ಪಟ್ಟಿ ತಗೊಂಡು ಅನುದಾನ ಎಷ್ಟು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋ ಕೆಲಸ ನಮ್ಮ ಸಂಘಟನೆಯ ಹುಡುಗರು ಈ ತಿಂಗಳೇ ಶುರು ಮಾಡ್ರಿ. ಅರ್ಜಿ ಬರೆದುಕೊಡೋದು ನನಗೆ ಬಿಡ್ರಿ.

ಅಲ್ಲಿವರೆಗೂ ಸುಮ್ಮನೆ ಕೂರಬೇಕಾ? ನಾವು ಕೂತಿಲ್ಲ. ಆ ರಾತ್ರಿಯ ಮರುವಾರ ಅಣ್ಣ ಮನೆಗೆ ಬಂದ. ಅವನಿಗೀಗ ಅರವತ್ತರ ಹತ್ತಿರ, ಹಮಾಲಿಯಿಂದ ಮೊಣಕಾಲು ಹೋಗ್ಯಾವ. ಕಟ್ಟೆ ಮೇಲೆ ಕೂತೇ ನನ್ನ ಹೆಂಡತಿಗೆ, ಮಗಳಿಗೆ ಹೇಳಿಕೊಟ್ಟ. "ಜಗ್ಗಬ್ಯಾಡವ್ವ. ಜಗ್ಗಿದ್ರ ಅವನ ನಾಕು ಬೆರಳಿನ ಕೂಡ ಕುಸ್ತಿ ಹಿಡದಂಗ ಆಗ್ತದ, ಸೋಲ್ತಿ. ಅವನ ಕಡೀಗೆ ಒಂದು ಹೆಜ್ಜಿ ಹೋಗು. ಮೊಣಕೈ ಮಡಚು. ಅವನ ಹೆಬ್ಬಟ್ಟಿನ ಕಡೀಗೆ ತಿರುವಿ ಕಿತ್ಕೊ. ಅಲ್ಲಿ ಅವ ಒಂಟಿ ಅದಾನ."

ಮೊದಲ ಸಲ ಬರಲಿಲ್ಲ. ಐದನೇ ಸಲ ಬಂತು. ಅವಳ ಅವ್ವ ಇನ್ನೂ ಗಟ್ಟಿ ಹಿಡಿದಳು. ಮತ್ತೆ ಬಂತು.

ಈಗ ಭಾನುವಾರ ಸಂಜೆ ನಮ್ಮ ಅಂಗಳದಲ್ಲಿ ನಾಲ್ಕು ಕೌದಿ ಹಾಸ್ತೀವಿ. ಓಣಿಯ ಏಳೆಂಟು ಹುಡುಗಿಯರು ಬರ್ತಾರ. ಇನ್ನೊಂದು ಕೇರಿಯಿಂದಲೂ ಇಬ್ಬರು ಬರ್ತಾರ. ಒಬ್ಬರನ್ನೊಬ್ಬರು ಹಿಡೀತಾರ, ಬೀಳ್ತಾರ, ನಗ್ತಾರ, ಏಳ್ತಾರ. ಹೋದ ವಾರ ಅಣ್ಣ ಅದನ್ನು ನೋಡ್ತಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಅಂಗಡಿಯಿಂದ ಒಂದು ತೆಂಗಿನಕಾಯಿ ತಂದ. "ಇವತ್ತು ಗೆದ್ದೋರಿಗೆ" ಅಂದ. ಆವತ್ತು ಕುಸ್ತಿ ಬಹಳ ಜೋರಾಯ್ತು.

ನಿಮ್ಮ ಊರಲ್ಲಿ ಗರಡಿ ಇದೆಯಾ? ನಿಮ್ಮನ್ನು ಒಳಗೆ ಬಿಡ್ತಾರಾ? ನಿಮ್ಮ ಮಗಳ ತರಬೇತಿಯಲ್ಲಿ ಒಬ್ಬರನ್ನೊಬ್ಬರು ಹಿಡಿದು ಕಲಿಸಿದರಾ? ಕೆಳಗೆ ಬರೀರಿ. ಊರ ಹೆಸರು ಬೇಡ ಅನ್ನಿಸಿದರೆ ಬಿಟ್ಟು ಬರೀರಿ. ಇವತ್ತು ರಾತ್ರಿ ಮನೆಯಲ್ಲಿ ಒಮ್ಮೆ ಮಗಳ ಮುಂಗೈ ಅವಳ ಅವ್ವನ ಕೈಲಿ ಹಿಡಿಸಿ ನೋಡ್ರಿ.

ಜೈ ಭೀಮ್. ಜೈ ಸಂವಿಧಾನ.